ನನ್ನ ಹೆಸರಿನಲ್ಲಿದ್ದ ಇನ್ನೊಂದು ನಂಬರು

ಎರಡು ವರ್ಷದ ಹಿಂದೆ, ಗೌರಿ ಹಬ್ಬ ಹತ್ತಿರ ಬರುತ್ತಿದ್ದಾಗ ಇದು ಶುರುವಾಯಿತು. ನಮ್ಮದು ಬೆಸಗರಹಳ್ಳಿ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ನಮ್ಮ ಯಜಮಾನರು, ಮಹದೇವ, ಶಾಲೆಯೊಂದರ ಬಸ್ ಓಡಿಸುತ್ತಾರೆ. ಹಬ್ಬದ ಹೊಲಿಗೆಗೆ ಲೈನಿಂಗ್ ಬಟ್ಟೆ ತರಲು ಮದ್ದೂರಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಎದುರು ದೊಡ್ಡ ಕೊಡೆಯ ಕೆಳಗೆ, ಮೂಗುತಿ ಹಾಕಿದ್ದ ಒಬ್ಬಳು ಹುಡುಗಿ ಸಿಮ್ ಮಾರುತ್ತಾ ಕೂತಿದ್ದಳು.

"ಅಕ್ಕಾ, ನಿಮ್ಮ ಹಳೇ ನಂಬರೇ ಇರುತ್ತೆ, ಕಂಪನಿ ಮಾತ್ರ ಬದಲಾಗುತ್ತೆ. ಪದೇ ಪದೇ ರೀಚಾರ್ಜ್ ಮಾಡಿಸೋ ತಲೆನೋವಿಲ್ಲ, ತಿಂಗಳಿಗೆ ಒಂದೇ ಬಿಲ್ಲು," ಎಂದಳು.

ನನ್ನ ಹಳೆಯ ಸಿಮ್ಮಿಗೆ ಮನೆಯೊಳಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಗಿರಾಕಿಗಳು ಕಳಿಸುವ ಡಿಸೈನಿನ ಫೋಟೊ ನೋಡಲು ಬೀದಿಗೆ ಬಂದು ನಿಲ್ಲಬೇಕಿತ್ತು. ಆಸೆಯಾಯಿತು, ಆದರೂ ಅನುಮಾನ. "ಇದರ ಮೇಲೆ ಬೇರೆ ಚಾರ್ಜೇನಾದ್ರೂ ಐತಾ?" ಎಂದು ಕೇಳಿದೆ.

"ಏನೂ ಇಲ್ಲಕ್ಕ, ಎಲ್ಲಾ ಸೇರಿಸೇ ಹೇಳಿರೋದು."

ಬೆರಳಚ್ಚು ತೆಗೆಯುವ ಸಣ್ಣ ಯಂತ್ರದ ಮೇಲೆ ನನ್ನ ಹೆಬ್ಬೆಟ್ಟು ಇಡಿಸಿದಳು. ಸರಿಯಾಗಿ ಬರಲಿಲ್ಲವೆಂದು ಮತ್ತೊಮ್ಮೆ ಇಡಿಸಿದಳು. ಫೋನಿಗೆ ಬಂದ ಓಟಿಪಿಗಳನ್ನೂ ಅವಳೇ ನೋಡಿ ಒತ್ತಿಕೊಂಡಳು. ಒಂದು ಸಿಮ್ಮಿಗೆ ಇಷ್ಟೊಂದು ಓಟಿಪಿ ಯಾಕೆ ಎಂದು ಕೇಳಬೇಕೆನ್ನುವಷ್ಟರಲ್ಲಿ ನಮ್ಮೂರಿನ ಬಸ್ಸು ಹೊರಟಿತು. ಬಟ್ಟೆಯ ಚೀಲ ಹಿಡಿದು ಓಡಿದೆ.

ದಸರಾ ರಜೆ ಶುರುವಾಗುವ ಮುಂಚೆ ಬಿಲ್ಲು ಬಂತು. ನಮ್ಮ ಮನೆಯಲ್ಲಿ ಬಿಲ್ಲುಗಳನ್ನೆಲ್ಲ ಕಟ್ಟುವವರು ಯಜಮಾನರು. ನಾನು ಮಿಷನ್ ತುಳಿಯುತ್ತಿದ್ದೆ, ಅವರು ಪಕ್ಕದಲ್ಲಿ ಕೂತು ನನ್ನ ಫೋನ್ ನೋಡುತ್ತಿದ್ದರು. ಬಿಲ್ಲು ಆ ಹುಡುಗಿ ಹೇಳಿದ್ದ ಮೊತ್ತದ ದುಪ್ಪಟ್ಟಾಗಿತ್ತು.

"ಸುಧಾ, ಇಲ್ಲಿ ಎರಡು ನಂಬರ್ ಐತೆ. ಒಂದು ನಿಂದು. ಇನ್ನೊಂದ್ಯಾರ್ದು?"

ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಕಸ್ಟಮರ್ ಕೇರಿಗೆ ಫೋನ್ ಹಚ್ಚಿದರು. ಅದನ್ನು ಒತ್ತಿ, ಇದನ್ನು ಒತ್ತಿ ಎಂದು ಬಹಳ ಹೊತ್ತು ಸತಾಯಿಸಿದ ಮೇಲೆ ಒಬ್ಬಾಕೆ ಸಿಕ್ಕಳು. "ಇದು ಫ್ಯಾಮಿಲಿ ಪ್ಲ್ಯಾನ್ ಸರ್. ಎರಡನೇ ನಂಬರನ್ನ ಮೇಡಮ್ಮೇ ತಗೊಂಡಿದ್ದಾರೆ. ಅವರದೇ ಬೆರಳಚ್ಚಿದೆ," ಎಂದಳು.

ಆ ಒಂದು ಮಾತು ಸಾಕಾಯಿತು. ಅವರು ಕೂಗಾಡಲಿಲ್ಲ. "ಸರಿ ಬುಡು" ಎಂದು ಎದ್ದು ಹೋದರು. ಕೂಗಾಡಿದ್ದರೇ ಚೆನ್ನಾಗಿತ್ತು. ಮಾರನೇ ದಿನ ಊಟದ ಡಬ್ಬಿಯನ್ನು ಅಡುಗೆಮನೆ ಕಟ್ಟೆಯ ಮೇಲೇ ಬಿಟ್ಟು ಕೆಲಸಕ್ಕೆ ಹೋದರು. ನನಗೆ ಫೋನ್ ಬಂದಾಗಲೆಲ್ಲ ಅವರ ಕಣ್ಣು ಒಮ್ಮೆ ಇತ್ತ ತಿರುಗಿ ಹೋಗುತ್ತಿತ್ತು. ಮದುವೆಯಾಗಿ ಹದಿನೈದು ವರ್ಷದಲ್ಲಿ ಅಂಥ ನೋಟವನ್ನು ನಾನು ಕಂಡಿರಲಿಲ್ಲ.

ಒಂದು ಸಂಜೆ ನನ್ನೆದುರಿಗೇ ಸ್ಪೀಕರ್ ಹಾಕಿ ಆ ನಂಬರಿಗೆ ಫೋನ್ ಮಾಡಿದರು.

"ಅಲೋ, ಯಾರು?" ಎಂದಿತು ಆ ಕಡೆಯ ದನಿ.

"ಮೊದ್ಲು ನೀನ್ಯಾರು ಏಳು."

"ಪೋನ್ ಮಾಡಿರೋನು ನೀನು, ನನ್ನೇ ಕೇಳ್ತೀಯಲ್ಲ. ಓಟಿಪಿ ಗೀಟಿಪಿ ಕೇಳಕ್ಕಾ? ನಾ ಕೊಡಕಿಲ್ಲ, ಮಡಗು."

ಫೋನ್ ಕಟ್ಟಾಯಿತು. ಯಜಮಾನರು ನನ್ನ ಕಡೆ ನೋಡಿ "ಗಂಡಸು" ಎಂದರು. ಅಷ್ಟೇ.

ನನಗೆ ಕೋಪ ಬಂತು. ಮಾಡದ ತಪ್ಪಿಗೆ ನಾನು ತಲೆ ತಗ್ಗಿಸಿಕೊಂಡು ಕೂರುವುದೇ? ಮರುದಿನ ಬೆಳಿಗ್ಗೆ, ಅವರು ಮನೆಯಲ್ಲಿದ್ದಾಗಲೇ, ನನ್ನ ಫೋನಿಂದ ಅದೇ ನಂಬರಿಗೆ ಹಚ್ಚಿದೆ. ಈ ಸಲ ಎತ್ತಿದ್ದು ಹೆಂಗಸು.

"ಯಾರಮ್ಮ ನೀನು? ನಮ್ಮನೆಯವ್ರ ತಾವ ನಿಂಗೇನ್ ಕೆಲ್ಸ?"

"ಅಕ್ಕಾ, ಮಡಗ್ಬೇಡಿ. ನಿಮ್ ಯಜಮಾನ್ರ ನಂಬರು ನನ್ನೆಸ್ರಲ್ಲೈತೆ. ಅದರ ಬಿಲ್ಲು ನನಗೆ ಬತ್ತಾ ಐತೆ. ಅವ್ರು ಯಾರು ಅಂತ ಇಲ್ಲಿ ನನ್ ಗಂಡ ಕೇಳ್ತಾವ್ರೆ."

ಆಕೆ ನಾನು ಎಲ್ಲಿಯವಳು ಎಂದು ಕೇಳಿದಳು. ಹೇಳಿದೆ.

"ನಮ್ದು ಅಲಗೂರು. ಬಾ, ಮಕ ನೋಡ್ಕಂಡು ಮಾತಾಡವ. ಪೋನಲ್ ಏಳಿದ್ನೆಲ್ಲ ನಾ ನಂಬಕಿಲ್ಲ. ನಿನ್ ಗಂಡನ್ನೂ ಕರ್ಕಂಡ್ ಬಾ."

ಭಾನುವಾರ ಬೈಕಿನಲ್ಲಿ ಹಲಗೂರಿಗೆ ಹೊರಟೆವು. ಮಳವಳ್ಳಿ ದಾಟಿ ಊರು ಸೇರಿದೆವು. ಬಸ್ ನಿಲ್ದಾಣದ ಹತ್ತಿರದ ಟೀ ಅಂಗಡಿಯಲ್ಲಿ ಆ ಗಂಡ ಹೆಂಡತಿ ಕಾಯುತ್ತಿದ್ದರು. ಆತ ಪುಟ್ಟಸ್ವಾಮಿ, ಗಾರೆ ಕೆಲಸದವರು, ಅರವತ್ತರ ಹತ್ತಿರದ ವಯಸ್ಸು. ಆಕೆ ರತ್ನಮ್ಮ. ರತ್ನಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೆ ಅಳೆದಳು. ಪುಟ್ಟಸ್ವಾಮಿ ಫೋನನ್ನು ಮೇಜಿನ ಮೇಲಿಟ್ಟರೂ ಅದರ ಮೇಲಿಂದ ಕೈ ತೆಗೆಯಲಿಲ್ಲ. ನಾಲ್ಕು ಜನರೂ ಒಬ್ಬರನ್ನೊಬ್ಬರು ಕಳ್ಳರಂತೆ ನೋಡುತ್ತಾ ಕೂತಿದ್ದೆವು.

ಕೊನೆಗೆ ಪುಟ್ಟಸ್ವಾಮಿಯೇ ಬಾಯಿಬಿಟ್ಟರು. ಬೆರಳು ಚಾಚಿ ತೋರಿಸಿದರು. ಸಿಮೆಂಟು ತಿಂದು ತುದಿಗಳೆಲ್ಲ ನುಣ್ಣಗಾಗಿದ್ದವು. "ಈ ಬೆಟ್ಟು ಯಾವ ಮಿಸನ್ಗೂ ಕಾಣಕಿಲ್ಲ. ರೇಸನ್ ಅಂಗ್ಡೀಲೂ ಇದೇ ಗೋಳು. ಮಳವಳ್ಳೀಲಿ ಕೊಡೆ ಕೆಳಗೆ ಒಬ್ಳು ಕೂತಿದ್ಲು. ಬೆಟ್ಟೇ ಬ್ಯಾಡ ಯಜಮಾನ್ರೆ, ರೆಡಿ ಸಿಮ್ ಐತೆ, ಒಂದ್ಸಲ ಕಾಸ್ ಕೊಟ್ರೆ ವರ್ಸ ಪೂರ್ತಿ ಫ್ರೀ ಅಂದ್ಲು. ಕಾಸ್ ಕೊಟ್ಟು ತಕಂಡೆ."

"ಮೂಗುತಿ ಹಾಕಿದ್ಲಾ?" ಎಂದೆ.

"ಊಂ ಕಣವ್ವ. ಬೋ ನಯವಾಗಿ ಮಾತಾಡೋಳು."

ಎರಡನೇ ಸಲ ಇಡಿಸಿದ ಹೆಬ್ಬೆಟ್ಟು ಎಲ್ಲಿಗೆ ಹೋಯಿತೆಂದು ಆಗ ಅರ್ಥವಾಯಿತು. ಯಜಮಾನರು ನನ್ನ ಮುಖ ನೋಡಲಿಲ್ಲ. ಎದ್ದು ಹೋಗಿ ಎಲ್ಲರಿಗೂ ಟೀ ತಂದರು.

ಮಾರನೇ ದಿನ ಗಂಡಸರಿಬ್ಬರೂ ಕೆಲಸಕ್ಕೆ ಹೋಗಲಿಲ್ಲ. ಮಂಡ್ಯದಲ್ಲಿದ್ದ ಕಂಪನಿಯ ಆಫೀಸಿಗೆ ನಾಲ್ವರೂ ಹೋದೆವು. ಮ್ಯಾನೇಜರು ಕಂಪ್ಯೂಟರಿನಿಂದ ಕಣ್ಣೆತ್ತದೆ, "ನಿಯಮಗಳಿಗೆಲ್ಲ ನೀವು ಒಪ್ಪಿದ್ದೀರಿ ಮೇಡಂ. ಫ್ಯಾಮಿಲಿ ಪ್ಲ್ಯಾನಿಗೆ ಎರಡನೇ ನಂಬರ್ ಇರಲೇಬೇಕು," ಎಂದ.

"ಆ ನಿಯಮ ಯಾರು ನನಗೆ ಓದಿ ಹೇಳಿದ್ರು?" ಎಂದೆ. ಅವನು ಕೀಬೋರ್ಡ್ ಕುಟ್ಟತೊಡಗಿದ.

ರತ್ನಮ್ಮ ಮುಂದೆ ಬಂದಳು. "ಫ್ಯಾಮಿಲಿ ಅಂದ್ರೇನಪ್ಪ? ಈವಮ್ಮ ನನ್ ಸವತಿಯಾ? ವಸಿ ಗಟ್ಟಿಯಾಗಿ ಏಳು, ಎಲ್ಲಾರ್ಗೂ ಕೇಳ್ಲಿ."

ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಹಿಂದೆ ನಿಂತಿದ್ದ ಒಬ್ಬರು ಮೆಲ್ಲಗೆ ತಮ್ಮ ಬಿಲ್ಲು ತೆಗೆದು ನೋಡತೊಡಗಿದರು. ಮ್ಯಾನೇಜರು ನಮ್ಮನ್ನು ಒಳಗೆ ಕರೆದು ಕುರ್ಚಿ ಹಾಕಿಸಿದ. ಪುಟ್ಟಸ್ವಾಮಿಗೆ ಆ ನಂಬರು ಹೋದರೆ ಕೆಲಸ ಕೊಡುವ ಮೇಸ್ತ್ರಿಗಳ ಕರೆಯೂ ಹೋಗುತ್ತದೆ. ಹಾಗಾಗಿ ಅದನ್ನು ರತ್ನಮ್ಮನ ಹೆಸರಿಗೆ ಮಾಡಿಸಿದೆವು. "ಒಂದೇ ಸಲ ಇಡೋದು, ನೋಡ್ಕೊ" ಎಂದು ಹೇಳಿಯೇ ಆಕೆ ಹೆಬ್ಬೆಟ್ಟು ಒತ್ತಿದಳು. ನನ್ನ ಬಿಲ್ಲಿನಲ್ಲಿ ನಾನು ಕೇಳದ ಹಾಡಿನ ಸೇವೆ, ಎಂಥದೋ ಸುರಕ್ಷಾ ಪ್ಯಾಕು ಕೂಡ ಇದ್ದವು. ಎಲ್ಲ ತೆಗೆಸಿದೆ. ಹೆಚ್ಚಿಗೆ ಹಾಕಿದ್ದ ಹಣವನ್ನು ಮುಂದಿನ ಬಿಲ್ಲಿನಲ್ಲಿ ಕಳೆದರು. ಆ ಹುಡುಗಿ ಯಾರು ಎಂದು ಕೇಳಿದ್ದಕ್ಕೆ, "ಅವರು ನಮ್ಮವರಲ್ಲ, ಏಜೆನ್ಸಿಯವರು" ಎಂದ. ಯಾವ ಏಜೆನ್ಸಿ ಎಂದು ಮಾತ್ರ ಕೊನೆಗೂ ಹೇಳಲಿಲ್ಲ.

ವಾಪಸು ಬರುವಾಗ ಯಜಮಾನರು ಬೈಕ್ ನಿಧಾನ ಮಾಡಿ, "ನಾನೇನ್ ಅನುಮಾನ ಪಡ್ನಿಲ್ಲ ಕಣೆ. ಸುಮ್ಕೆ ಕೇಳ್ದೆ," ಎಂದರು.

"ಸುಮ್ಕೆ ಕೇಳೋರು ಡಬ್ಬಿ ಬುಟ್ಟೋಗಕಿಲ್ಲ," ಎಂದೆ.

ಬಹಳ ದೂರ ಹೋದ ಮೇಲೆ, ಗಾಳಿಯಲ್ಲಿ ಸರಿಯಾಗಿ ಕೇಳಿಸದ ಹಾಗೆ, "ತಪ್ಪಾಯ್ತು" ಎಂದರು. ಕೇಳಿಸಿತು.

ರತ್ನಮ್ಮ ಈಗಲೂ ಆಗಾಗ ಫೋನ್ ಮಾಡುತ್ತಾಳೆ. ಮಗಳ ಮದುವೆಯ ಬ್ಲೌಸುಗಳನ್ನೆಲ್ಲ ನನ್ನಲ್ಲೇ ಹೊಲಿಸಿದಳು. ಯಾರು ಏನನ್ನು ಫ್ರೀ ಎಂದರೂ ನಾನೀಗ ಪೂರ್ತಿ ಓದಿಸಿಕೊಳ್ಳದೆ ಬೆರಳು ಮುಂದೆ ಮಾಡುವುದಿಲ್ಲ, ಬಸ್ಸು ಹೋದರೆ ಹೋಗಲಿ. ಯಜಮಾನರೂ ಬದಲಾಗಿದ್ದಾರೆ. ನನಗೆ ಹೊಸ ನಂಬರಿನಿಂದ ಕರೆ ಬಂದರೆ ಬೇಕೆಂದೇ ಎದ್ದು ಜಗುಲಿಗೆ ಹೋಗುತ್ತಾರೆ, ಯಾರೆಂದು ಕೇಳುವುದಿಲ್ಲ. ಆದರೆ ಮಾತು ಮುಗಿದ ಮೇಲೆ ನಾನೇ ಒಳಗಿನಿಂದ, "ಬ್ಲೌಸ್ ಕೊಟ್ಟಿದ್ದೋರು ಕಣ್ರೀ" ಎಂದು ಕೂಗಿ ಹೇಳುತ್ತೇನೆ. ಕೇಳದೇ ಇದ್ದರೂ ಹೇಳುವ ಈ ಚಾಳಿ ಮೊದಲು ನನಗಿರಲಿಲ್ಲ. ಬಿಡಬೇಕು ಎಂದುಕೊಳ್ಳುತ್ತೇನೆ, ಇನ್ನೂ ಆಗಿಲ್ಲ.