ದನಿ ಬೇಡ

ಮದುವೆಯ ಸಭಾಂಗಣಗಳಲ್ಲಿ ಅವನ ನಿಜವಾದ ಹೆಸರು ಬಲ್ಲವರು ಕಡಿಮೆ. ಅಡುಗೆಯವರಿಂದ ಹಿಡಿದು ಕುರ್ಚಿ ಬಾಡಿಗೆಗೆ ಕೊಡುವವನವರೆಗೆ ಎಲ್ಲರೂ ಕೇಳುತ್ತಿದ್ದುದು ಒಂದೇ: ದನಿಬೇಡ ಬಂದನೇ, ಇಲ್ಲವೇ? ಆ ಅಡ್ಡಹೆಸರು ಅಂಟಿಕೊಂಡಿದ್ದು ಅವನದೇ ಮಾತಿನಿಂದ. ಮೂವತ್ತೆಂಟು ವರ್ಷಗಳಿಂದ ಅವನು ವಧೂವರರನ್ನು ಅಕ್ಕಪಕ್ಕ ಕೂರಿಸಿ, ಇಪ್ಪತ್ತು ಹೆಜ್ಜೆ ಹಿಂದಕ್ಕೆ ಸರಿದು, ಉದ್ದನೆಯ ಲೆನ್ಸನ್ನು ಕಣ್ಣಿಗೇರಿಸಿ ಅದೇ ಮಾತು ಹೇಳುತ್ತ ಬಂದಿದ್ದ.

"ದನಿ ಬೇಡ. ಏನಾದ್ರೂ ಹೇಳ್ಕೊಳ್ಳಿ. ತುಟಿ ಆಡಿದ್ರೆ ಸಾಕು."

ಇದರ ಹಿಂದೆ ಅನುಭವವಿತ್ತು. ನಗಿ ಎಂದರೆ ವಧೂವರರು ಹಲ್ಲು ತೋರಿಸುತ್ತಾರೆಯೇ ಹೊರತು ನಗುವುದಿಲ್ಲ. ಮಾತಾಡಿ ಎಂದರೆ ಯಾರು ಕೇಳಿಸಿಕೊಂಡಾರೋ ಎಂದು ನೆಂಟರ ಕಡೆ ಕಣ್ಣು ಹಾಯಿಸುತ್ತಾರೆ. ದನಿಯಿಲ್ಲದೆ ಮಾತಾಡಿ ಎಂದಾಗ ಮಾತ್ರ ಬೇರೆ ದಾರಿ ಉಳಿಯುವುದಿಲ್ಲ. ಕೇಳಿಸದ ಮಾತನ್ನು ನೋಡಲೇಬೇಕು. ಹಾಗೆ ಒಬ್ಬರ ಮುಖವನ್ನು ಇನ್ನೊಬ್ಬರು, ಬಹುಶಃ ಮೊದಲ ಬಾರಿಗೆ, ಅಷ್ಟು ಹತ್ತಿರದಿಂದ ಓದಲು ಹೆಣಗುವ ನಾಲ್ಕಾರು ಕ್ಷಣಗಳಲ್ಲಿ ಅವನ ಬೆರಳು ಶಟರಿನ ಮೇಲೆ ಇಳಿಯುತ್ತಿತ್ತು.

ಆ ಮಾತುಗಳೆಲ್ಲ ಅವನಿಗೆ ಅರ್ಥವಾಗುತ್ತಿದ್ದವೆಂಬುದು ಮಾತ್ರ ಬಹುಮಂದಿಗೆ ತಿಳಿದಿರಲಿಲ್ಲ.

ಅವನ ಅಕ್ಕ ನಾಲ್ಕನೆಯ ವಯಸ್ಸಿನಲ್ಲಿ ಒಂದು ವಾರದ ಜ್ವರಕ್ಕೆ ಕಿವಿಯನ್ನು ಕಳೆದುಕೊಂಡಿದ್ದಳು. ತಮ್ಮ ಹುಟ್ಟಿದ್ದು ಆಮೇಲೆ. ಅವನಿಗೆ ಮಾತು ಬರುವ ಹೊತ್ತಿಗೆ ಅವಳು ತುಟಿ ಓದುವುದರಲ್ಲಿ ಪಳಗಿದ್ದಳು. ಅದನ್ನೇ ಆಟವಾಗಿ ಅವನಿಗೂ ಕಲಿಸಿದಳು. ಇಬ್ಬರೂ ಕಿಟಕಿಯಲ್ಲಿ ಗಲ್ಲ ಊರಿ ಕುಳಿತು, ಎದುರುಮನೆಯ ಗಂಡ ಹೆಂಡತಿ ಗಾಜಿನ ಆಚೆ ಆಡುವ ಜಗಳವನ್ನು ಸಾಲು ಸಾಲಾಗಿ ಓದುತ್ತಿದ್ದರು. ಊಟಕ್ಕೆ ಕುಳಿತಾಗ ಅಮ್ಮನ ಎದುರಿಗೇ, ಅಮ್ಮನ ಅಡುಗೆಯ ಬಗ್ಗೆಯೇ, ಸದ್ದಿಲ್ಲದೆ ಮೂಗು ಮುರಿಯುತ್ತಿದ್ದರು. ನಮ್ಮ ಮಕ್ಕಳಷ್ಟು ತೆಪ್ಪಗಿರುವ ಮಕ್ಕಳನ್ನು ಎಲ್ಲೂ ಕಾಣೆನೆಂದು ಅಮ್ಮ ಅಕ್ಕಪಕ್ಕದವರಲ್ಲಿ ಹೇಳಿಕೊಳ್ಳುತ್ತಿದ್ದಳು.

ಲೆನ್ಸಿಗೆ ಕಣ್ಣಿಟ್ಟೊಡನೆ, ನೀರಿನೊಳಗೆ ತಲೆ ಮುಳುಗಿಸಿದ ಹಾಗೆ, ಸಭಾಂಗಣದ ಗದ್ದಲ ಎಲ್ಲೋ ಮೇಲಕ್ಕೆ ಉಳಿದುಬಿಡುತ್ತಿತ್ತು. ದೀಪಗಳು ಕರಗಿ ಬಿಲ್ಲೆಗಳಾಗಿ ತೇಲುತ್ತಿದ್ದವು. ಆ ಬಿಲ್ಲೆಗಳ ನಡುವೆ ಎರಡು ಮುಖಗಳು, ನಾಲ್ಕು ತುಟಿಗಳು. ಮೊದಮೊದಲು ಅವನು ಘನವಾದ ಮಾತುಗಳನ್ನೇ ಕಾದಿದ್ದ. ಬಂದದ್ದು, ಹೊಟ್ಟೆ ತಾಳ ಹಾಕ್ತಿದೆ ಎಂಬುದು; ನಿಮ್ಮ ಚಿಕ್ಕಪ್ಪ ಯಾಕೆ ಹಾಗೆ ನೋಡ್ತಾರೆ ಎಂಬುದು; ನನ್ನ ಮೂಗಿನ ಮೇಲೆ ಏನಾದ್ರೂ ಇದೆಯಾ ಎಂಬುದು. ಒಬ್ಬಳು ವಧು ಏನೂ ತೋಚದೆ ಒಂದರಿಂದ ಹತ್ತರವರೆಗೆ ಎಣಿಸಿದ್ದಳು. ವರ ತುಸು ತಡೆದು ಹನ್ನೊಂದು ಎಂದ. ಅವಳು ಹನ್ನೆರಡು ಎಂದಳು. ಹಾಗೆಯೇ ಒಬ್ಬರ ಅಂಕಿಯನ್ನು ಇನ್ನೊಬ್ಬರು ಹಿಡಿದು ಅವರು ನಲವತ್ತು ದಾಟಿದರು. ಅವನು ಶಟರ್ ಒತ್ತಿದ್ದು ಹದಿನೇಳಕ್ಕೆ. ಅಷ್ಟು ಪ್ರೀತಿಯ ಚಿತ್ರ ತನ್ನಿಂದ ಮತ್ತೆ ಆಗಲಿಲ್ಲವೆಂದು ಅವನು ನಂಬಿದ್ದ.

ವೃತ್ತಿಯ ಮೊದಲ ವರ್ಷದಲ್ಲೇ ಒಂದು ಎಡವಟ್ಟಾಯಿತು. ಅತ್ತೆ ನಗುವಾಗಲೂ ಬೈಯುವ ಹಾಗೆಯೇ ಕಾಣುತ್ತಾರೆಂದು ಒಬ್ಬ ವಧು ತುಟಿಯಲ್ಲೇ ಹೇಳಿದ್ದನ್ನು ಅವನು ತಮಾಷೆಯೆಂದು ಆ ಅತ್ತೆಯ ಮುಂದೆ ಬಾಯಿ ಬಿಟ್ಟ. ಆ ಮದುವೆಯ ಆಲ್ಬಮ್ಮಿನ ಉಳಿದ ಹಾಳೆಗಳಲ್ಲಿ ಅತ್ತೆ ಎಲ್ಲೂ ಇಲ್ಲ. ಅಂದು ಮನೆಯಲ್ಲಿ ಅಕ್ಕ ಅವನ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡು, ಏರಿಳಿತವಿಲ್ಲದ ತನ್ನ ದನಿಯಲ್ಲಿ ಕಟ್ಟಪ್ಪಣೆ ಮಾಡಿದಳು. ಲೆನ್ಸಿನಲ್ಲಿ ಕಂಡದ್ದು ಫಿಲ್ಮಿಗೆ ಮಾತ್ರ, ನಾಲಿಗೆಗೆ ಅಲ್ಲ, ನನಗೂ ಹೇಳಬೇಡ. ಅಂದಿನಿಂದ ಅವನು ಆ ಗೆರೆ ದಾಟಿರಲಿಲ್ಲ.

ಅವರ ಸ್ಟುಡಿಯೊ ಒಂದು ಹೊಲಿಗೆ ಅಂಗಡಿಯ ಮೇಲಿತ್ತು. ಹದಿನೇಳು ಮೆಟ್ಟಿಲು, ಮೇಲೆ ಒಂದರ ಹಿಂದೆ ಒಂದು ಎರಡು ಕೋಣೆಗಳು. ಮುಂದಿನ ಕೋಣೆಯಲ್ಲಿ ಬೀದಿಗೆ ತೆರೆದ ಕಿಟಕಿ, ಬೆನ್ನಿಲ್ಲದ ಬೆಂಚು, ಕೊಳವನ್ನೂ ಅದಕ್ಕೆ ಇಳಿಯುವ ಮೆಟ್ಟಿಲನ್ನೂ ಬರೆದ ಮಾಸಲು ಪರದೆ. ಹಿಂದಿನ ಕೋಣೆಯಲ್ಲಿ ಅಕ್ಕನ ಮೇಜು: ಅಂಟು, ಕತ್ತರಿ, ಕೂದಲಿನಷ್ಟು ಸಣ್ಣ ಕುಂಚ, ಕೆಳಗಿನಿಂದ ಬೆಳಕು ಬರುವ ಗಾಜು. ಅವನು ತೆಗೆದ ಚಿತ್ರಗಳನ್ನು ಆರಿಸಿ ಆಲ್ಬಮ್ ಕಟ್ಟುತ್ತಿದ್ದವಳು ಅವಳೇ. ಬಾಗಿಲಿನ ಗಂಟೆಗೆ ಸದ್ದಿರಲಿಲ್ಲ. ಒತ್ತಿದರೆ ಮೇಜಿನ ಮೇಲಿನ ಹಳದಿ ಬಲ್ಬು ಹೊತ್ತುತ್ತಿತ್ತು.

ಮದುವೆಗಳಿಲ್ಲದ ತಿಂಗಳೊಂದರ ಮಧ್ಯಾಹ್ನ ಆ ಬಲ್ಬು ಎರಡು ಸಲ ಹೊತ್ತಿಕೊಂಡಿತು. ಬಾಗಿಲಲ್ಲಿ ಐವತ್ತು ದಾಟಿದ ಹೆಂಗಸು, ಕಂಕುಳಲ್ಲಿ ಬಟ್ಟೆ ಸುತ್ತಿದ ಹಳೆಯ ಆಲ್ಬಮ್. ಆಕೆ ಕೂರಲಿಲ್ಲ. ಗುರುತಿಗೆ ದಾರ ಇಟ್ಟಿದ್ದ ಹಾಳೆಯನ್ನು ತೆರೆದು ಹಿಡಿದಳು. ಬೆಂಚಿನ ಮೇಲೆ ಇಪ್ಪತ್ತೇಳರ ವರ, ಪಕ್ಕದಲ್ಲಿ ಇಪ್ಪತ್ತಮೂರರ ಈಕೆ, ಹಿಂದೆ ಅದೇ ಕೊಳ. ವರನ ಬಾಯಿ ಅರ್ಧ ತೆರೆದಿತ್ತು. ಮೂವತ್ತೊಂದು ವರ್ಷಗಳ ಹಿಂದೆ, ಮದುವೆಯ ದಿನ, ಊಟಕ್ಕೆ ಮುಂಚೆ ಇಲ್ಲಿಗೆ ಬಂದು ತೆಗೆಸಿದ ಚಿತ್ರ.

ಆಕೆ ಹೇಳಿದ್ದು ಇಷ್ಟು. ದನಿಯಿಲ್ಲದೆ ಹೇಳಿ ಎಂದಾಗ ಗಂಡ ಏನೋ ಹೇಳಿದ, ಈಕೆಗೆ ತಿಳಿಯಲಿಲ್ಲ. ಮರುಕ್ಷಣವೇ ಅವನು ಎದ್ದು, ಹಿಂದೆ ತಿರುಗಿಯೂ ನೋಡದೆ ಮೆಟ್ಟಿಲಿಳಿದು ಹೋಗಿಬಿಟ್ಟ. ಬೆಂಚಿನ ಮೇಲೆ ಈಕೆ ಒಬ್ಬಳೇ. ಕಾಲು ಗಂಟೆ ಬಿಟ್ಟು ಬಂದವನು ಏನೂ ಆಗದವನಂತಿದ್ದ. ಏನು ಹೇಳಿದಿರಿ ಎಂದು ಕೇಳಿದರೆ, ಹೇಳ್ತೀನಿ, ಎಲ್ಲಿ ಓಡಿಹೋಗುತ್ತೆ ಎಂದು ನಕ್ಕ. ಆ ಮಾತು ಅವರ ಸಂಸಾರದಲ್ಲಿ ಒಂದು ಆಟದ ಹಾಗೆ ಉಳಿಯಿತು. ವರ್ಷಕ್ಕೊಮ್ಮೆ ಈಕೆ ಕೇಳುವುದು, ಅವನು ಮುಂದೂಡುವುದು. ಎಂಟು ತಿಂಗಳ ಹಿಂದೆ ಅವನ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಜೇಬಿನಲ್ಲೊಂದು ಪುಟ್ಟ ಸ್ಲೇಟು. ಅದರ ಮೇಲೆ 'ನೀರು', 'ಸಾಕು', 'ಹೋಗೋಣ'. ಹೋದ ವಾರ ಈಕೆ ಮತ್ತೆ ಅದನ್ನೇ ಕೇಳಿದಾಗ ಅವನು ಬಳಪ ಎತ್ತಿ, ಒಂದು ಗೆರೆ ಎಳೆದು, ಅಂಗೈಯಿಂದ ಒರೆಸಿಬಿಟ್ಟ.

"ಇಷ್ಟು ವರ್ಷ ತಮಾಷೆ ಅನ್ಕೊಂಡಿದ್ದೆ," ಎಂದಳು ಆಕೆ. "ಈಗ ಮನೇಲಿ ಸದ್ದೇ ಇಲ್ಲ, ಯೋಚ್ನೆ ಮಾಡೋಕೆ ಬೇಕಾದಷ್ಟು ಹೊತ್ತು. ಬೇಡ ಅಂದಿರ್ಬಹುದಾ? ನಂಗಿದು ಬೇಡ ಅಂತ?"

ಬೀದಿಯಲ್ಲಿ ಯಾರೋ ಹೇಳಿದ್ದರಂತೆ, ಈ ಮನೆಯ ಅಕ್ಕ ತುಟಿ ನೋಡಿ ಮಾತು ಹೇಳುತ್ತಾಳೆಂದು. ಅದಕ್ಕೇ ಬಂದದ್ದು.

ಅವನು ಅಕ್ಕನ ಮುಖ ನೋಡಿದ. ಅವಳ ಹುಬ್ಬು ಗಂಟಿಕ್ಕಿತ್ತು. ಹಳೆಯ ಕಟ್ಟಪ್ಪಣೆ ಅವಳಿಗೆ ಮರೆತಿರಲಿಲ್ಲ. ಲೆನ್ಸಿನಲ್ಲಿ ಕಂಡದ್ದನ್ನು ಹೇಳುವ ಪದ್ಧತಿ ಇಲ್ಲವೆಂದು ಅವನೇ ಮೆಲ್ಲಗೆ ತಿಳಿಸಿದ.

"ಅದು ನಂಗೆ ಹೇಳಿದ್ದಲ್ವಾ?" ಎಂದಳು ಆಕೆ. "ನನ್ನ ಮಾತು ನಂಗೆ ಕೊಡೋಕೆ ನಿಮಗೇನು ಕಷ್ಟ?"

ಅಕ್ಕನ ಹುಬ್ಬಿನ ಗಂಟು ಸಡಿಲಾಯಿತು. ಅವಳೇ ಎದ್ದು ತಗಡಿನ ಪೆಟ್ಟಿಗೆಗಳ ಸಾಲಿನಿಂದ ಆ ವರ್ಷದ ನೆಗೆಟಿವ್‌ಗಳನ್ನು ತೆಗೆದಳು. ಬೆಳಕಿನ ಗಾಜಿನ ಮೇಲೆ ನಾಲ್ಕು ಚೌಕಗಳು ಬಿದ್ದವು. ಬೆಳಕು ಕಪ್ಪಾಗಿ, ನೆರಳು ಬೆಳ್ಳಗಾಗಿ, ವಧೂವರರು ಯಾವುದೋ ತಿರುಗುಮುರುಗಾದ ಲೋಕದವರಂತೆ ಹೊಳೆದರು. ಮೊದಲನೆಯದರಲ್ಲಿ ವರನ ಬಾಯಿ ಮುಚ್ಚಿತ್ತು. ಎರಡನೆಯದರಲ್ಲಿ ಅರ್ಧ ತೆರೆದಿತ್ತು. ಮೂರನೆಯದರಲ್ಲಿ ಮುಖ ಕಿವುಚಿಕೊಂಡಿತ್ತು. ನಾಲ್ಕನೆಯದರಲ್ಲಿ ಅವನು ಇರಲೇ ಇಲ್ಲ. ಅಕ್ಕ ಭೂತಗನ್ನಡಿ ಹಿಡಿದು ಬಹಳ ಹೊತ್ತು ಬಗ್ಗಿ ನೋಡಿದಳು. ಆ ಕಿವುಚಿದ ಮುಖವನ್ನು ಆಕೆಯೂ ನೋಡಿದಳು.

"ನಿಂತ ತುಟಿ ಓದೋಕಾಗಲ್ಲ," ಎಂದಳು ಅಕ್ಕ. "ಆಡ್ಬೇಕು."

ತಮ್ಮನಿಗೂ ನೆನಪಾಗಲಿಲ್ಲ. ಎರಡು ಸಾವಿರ ಮದುವೆಗಳ ಮಾತುಗಳು ಒಂದರ ಮೇಲೊಂದು ಬಿದ್ದು ಒಳಗೆಲ್ಲೋ ಒಂದೇ ಗುಜುಗುಜುವಾಗಿದ್ದವು. ಮನಸ್ಸು ಮಾಡಿದ್ದರೆ ಸಿಹಿಯಾದದ್ದೊಂದನ್ನು ಕಟ್ಟಿ ಹೇಳಬಹುದಿತ್ತು. ಅಂಥ ಮಾತುಗಳನ್ನು ಅವನು ಬೇಕಾದಷ್ಟು ಕಂಡಿದ್ದ. ಆಕೆ ಆಲ್ಬಮ್ಮಿಗೆ ಬಟ್ಟೆ ಸುತ್ತತೊಡಗಿದಳು. ಆಗ ಅಕ್ಕ, ನಿಮ್ಮವರು ಎಲ್ಲಿ ಎಂದು ಕೇಳಿದಳು. ಕೆಳಗೆ, ಹೊಲಿಗೆ ಅಂಗಡಿಯ ಕಟ್ಟೆಯ ಮೇಲೆ, ಎಂದು ಉತ್ತರ ಬಂತು. ಗಂಡ ಯಾರ ಮನೆಗೂ ಹೋಗುವುದನ್ನು ಬಿಟ್ಟಿದ್ದ. ಆಸ್ಪತ್ರೆಯಲ್ಲಿ ಮೊದಲ ವಾರ ಮಾತಾಡಲು ಬಾಯಿ ತೆರೆದಾಗ ನರ್ಸ್ ಒಬ್ಬಳು, ಮಗುವಿಗೆ ಹೇಳುವ ಹಾಗೆ ಜೋರಾಗಿ, ಬರೆದು ತೋರಿಸಿ ಎಂದಿದ್ದಳು. ಅಂದು ಮುಚ್ಚಿದ ಬಾಯಿ ಊಟಕ್ಕಲ್ಲದೆ ತೆರೆದಿರಲಿಲ್ಲ.

ಅಕ್ಕ ತಮ್ಮನ ಕಡೆ ತಿರುಗಿ, ಸದ್ದಿಲ್ಲದೆ ಎರಡೇ ಶಬ್ದ ಆಡಿದಳು: ಕರ್ಕೊಂಡು ಬಾ.

ಕಟ್ಟೆಯ ಮೇಲೆ ಕೊರಳಿಗೆ ಬಟ್ಟೆ ಸುತ್ತಿಕೊಂಡು ಕುಳಿತಿದ್ದ ಆ ಮನುಷ್ಯನ ಪಕ್ಕದಲ್ಲಿ ಅವನೂ ಕುಳಿತ. ಸಮಾಧಾನದ ಮಾತು ಆಡಲಿಲ್ಲ. ಅರ್ಧಕ್ಕೆ ಎದ್ದುಹೋದ ವರ ತನ್ನ ಇಡೀ ವೃತ್ತಿಯಲ್ಲಿ ನೀವೊಬ್ಬರೇ, ನಾಲ್ಕನೆಯ ಫೋಟೋದಲ್ಲಿ ನಿಮ್ಮ ಜಾಗ ಖಾಲಿ ಇದೆ, ಅದನ್ನು ಮುಗಿಸಿಕೊಡಬೇಕು ಎಂದ. ಆತ ಸ್ಲೇಟಿಗೆ ಕೈ ಹಾಕಿದ, ತೆಗೆಯಲಿಲ್ಲ. ಎದ್ದ.

ಹಿಂದಿನ ಕೋಣೆಯ ಕೊನೆಯ ಗೋಡೆಗೆ ಬೆನ್ನು ತಾಗುವವರೆಗೂ ಸರಿದು ನಿಂತರೆ ಮಾತ್ರ ಉದ್ದನೆಯ ಲೆನ್ಸಿಗೆ ಬೇಕಾದ ದೂರ ಸಿಗುತ್ತಿತ್ತು. ಅವನು ಅಲ್ಲಿ ನಿಂತ. ನಡುಬಾಗಿಲ ಚೌಕಟ್ಟಿನಾಚೆ ಬೆಂಚು, ಬೆಂಚಿನ ಮೇಲೆ ಗಂಡ ಹೆಂಡತಿ, ಅವರ ಹಿಂದೆ ಮಾಸಿದ ಕೊಳ. ಕಿಟಕಿಯ ಬೆಳಕು ಹಾಲಿನ ಕೆನೆಯಂತೆ ಇಬ್ಬರ ಮೇಲೂ ನಿಂತಿತ್ತು. ಲೆನ್ಸಿನೊಳಗೆ ಮೂವತ್ತೊಂದು ವರ್ಷಗಳು ಒಂದು ಮಂಜಿನಂತೆ ಮಸುಕಾಗಿ, ಫೋಕಸ್ಸಿನ ಚಕ್ರ ತಿರುಗಿಸಿದಂತೆ ತಿಳಿಯಾದವು.

"ದನಿ ಬೇಡ," ಎಂದ ಅವನು. "ಏನಾದ್ರೂ ಹೇಳ್ಕೊಳ್ಳಿ. ತುಟಿ ಆಡಿದ್ರೆ ಸಾಕು."

ಆತ ಅಲುಗಲಿಲ್ಲ. ಮೂಲೆಯ ಸ್ಟೂಲಿನ ಮೇಲೆ ಕುಳಿತಿದ್ದ ಅಕ್ಕ ಆತನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಮರುಕವಿರಲಿಲ್ಲ, ಕುತೂಹಲವೂ ಇರಲಿಲ್ಲ. ಎಲ್ಲರ ಮುಖವನ್ನೂ ಅವಳು ನೋಡುತ್ತಿದ್ದುದು ಹಾಗೆಯೇ. ಅವಳ ಪಾಲಿಗೆ ಲೋಕದ ಮನುಷ್ಯರೆಲ್ಲ ದನಿಯಿಲ್ಲದವರೇ. ಈತ ಏನನ್ನೂ ಕಳೆದುಕೊಂಡಿರಲಿಲ್ಲ.

"ಬಾಯಿಗೆ ಬೀಗ ಹಾಕಿ ಕೀಲಿಕೈ ಎಲ್ಲಿ ಬೀಳಿಸ್ಕೊಂಡ್ರಿ?" ಎಂದು ಕೇಳಿದಳು.

ಆತನ ಮೂಗಿನಿಂದ ಒಂದು ಉಸಿರು ಹಾರಿತು. ನಗುವಿನಲ್ಲಿ ಉಳಿದಿದ್ದುದು ಅಷ್ಟೇ. ಆಮೇಲೆ ಆತ ಹೆಂಡತಿಯ ಕಡೆಗೆ ತಿರುಗಿದ. ತುಟಿಗಳು ಒಂದಕ್ಕೊಂದು ಅಂಟಿದ್ದವು, ಬಿಡಿಸಿಕೊಂಡವು. ಗೋಡೆಗೊರಗಿ ನಿಂತವನು ಲೆನ್ಸಿನೊಳಗೆ ಅದನ್ನು ಸ್ಪಷ್ಟವಾಗಿ ಓದಿದ.

ಶೂ ಕಚ್ತಿತ್ತು. ತಮ್ಮಂದು.

ಅಷ್ಟೇ. ಆ ದಿನ ಆತನ ಕಾಲಲ್ಲಿ ಇದ್ದದ್ದು ತನ್ನ ತಮ್ಮನಿಂದ ಎರವಲು ತಂದ, ಒಂದು ಅಳತೆ ಚಿಕ್ಕದಾದ ಬೂಟು. ಹೆಣ್ಣಿನ ಕಡೆಯವರ ಮುಂದೆ ಕುಂಟಬಾರದೆಂದು ಮೆಟ್ಟಿಲಿಳಿದು ಹೋಗಿ, ಹೊಲಿಗೆ ಅಂಗಡಿಯ ಹಿಂದೆ ಬರಿಗಾಲಲ್ಲಿ ನಿಂತುಬಂದಿದ್ದ. ಫೋಟೋಗ್ರಾಫರನ ಚೌಕಟ್ಟು ಯಾವತ್ತೂ ಮೊಣಕಾಲಿನಿಂದ ಕೆಳಗೆ ಇಳಿದಿರಲಿಲ್ಲ. ಆಲ್ಬಮ್ಮಿಗೂ ಅದು ಕಾಣಲಿಲ್ಲ. ಇದಿಷ್ಟನ್ನೂ ಆತ ಒಂದೊಂದೇ ಶಬ್ದವಾಗಿ ಹೇಳಿ ಮುಗಿಸಲು ಆ ಮಧ್ಯಾಹ್ನದ ಅರ್ಧ ಭಾಗ ಹಿಡಿಯಿತು. ಆದರೆ ಮೊದಲ ಸಲ ಹೇಳಿದಾಗ ಆಕೆಗೆ ಏನೂ ತಿಳಿಯಲಿಲ್ಲ.

"ಏನಂದ್ರಿ?" ಎಂದಳು. ಆತ ಮತ್ತೆ ಹೇಳಿದ. ಆಕೆ ಹಿಂದಿನ ಕೋಣೆಯ ಕತ್ತಲಿಗೆ ಕಣ್ಣು ನೆಟ್ಟು, ಹೇಳಿಬಿಡಿ ಎಂಬಂತೆ ನೋಡಿದಳು. ಮಾತು ಫೋಟೋಗ್ರಾಫರನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಕ್ಕ ಎದ್ದು ಬಂದು, ಆಕೆಯ ಗಲ್ಲ ಹಿಡಿದು, ಎಂದೋ ತನ್ನ ತಮ್ಮನ ಗಲ್ಲ ಹಿಡಿದಂತೆಯೇ, ಗಂಡನ ಕಡೆಗೆ ತಿರುಗಿಸಿದಳು.

"ನೀನೇ ನೋಡು. ಅವರ ಕಣ್ಣು ನೋಡ್ಬೇಡ. ಬಾಯಿ ನೋಡು."

ಮೂರನೆಯ ಸಲ. ನಾಲ್ಕನೆಯ ಸಲ. ಆಕೆಯ ತುಟಿಗಳೂ ಗೊತ್ತಿಲ್ಲದೆಯೇ ಆತನ ತುಟಿಗಳ ಹಿಂದೆ ಹೋಗತೊಡಗಿದವು, ಹಾಡು ಕಲಿಯುವವರ ಹಾಗೆ, ಒಂದು ಉಸಿರಿನಷ್ಟು ತಡವಾಗಿ. ಐದನೆಯ ಸಲ ಆಕೆ ನೋಟ ಕೆಳಗಿಳಿಸಿ ಆತನ ಪಾದಗಳನ್ನು ನೋಡಿದಳು.

"ಶೂ?" ಎಂದಳು. ಆತ ತಲೆಯಾಡಿಸಿದ. "ಮೂವತ್ತೊಂದು ವರ್ಷ ನನ್ನ ಹೊಟ್ಟೆ ಉರಿಸಿದ್ದು ಒಂದು ಜೊತೆ ಶೂಗೆ?"

ಬೈದು ಮುಗಿಸುವಷ್ಟರಲ್ಲಿ ಆಕೆ ಬಗ್ಗಿ ಆತನ ಚಪ್ಪಲಿಯ ಪಟ್ಟಿಯನ್ನು ಒಂದು ತೂತು ಸಡಿಲಿಸಿದ್ದಳು. ಅವನು ಶಟರ್ ಒತ್ತಿದ್ದು ಆಗ. ಆ ಚೌಕಟ್ಟು ಮೊದಲ ಬಾರಿಗೆ ನೆಲದವರೆಗೂ ಇಳಿದಿತ್ತು.

ಅವರು ಹೊರಟಾಗ ಸ್ಲೇಟು ಬೆಂಚಿನ ಮೇಲೆಯೇ ಉಳಿಯಿತು. ಹದಿನೇಳು ಮೆಟ್ಟಿಲುಗಳ ಉದ್ದಕ್ಕೂ ಆಕೆಯ ದನಿಯೊಂದೇ ಕೇಳುತ್ತಿತ್ತು: ಏನಂದ್ರಿ, ಇನ್ನೊಂದ್ಸಲ, ಇಲ್ಲಿ ತಿರುಗಿ. ಅಕ್ಕ ಸ್ಲೇಟನ್ನು ಕೈಗೆತ್ತಿಕೊಂಡು ಕಿಟಕಿಯ ಬಳಿ ನಿಂತಳು. ಕೆಳಗೆ ಬೀದಿಯ ನಡುವೆ ಇಬ್ಬರೂ ನಿಂತುಬಿಟ್ಟಿದ್ದರು. ಆಕೆ ಗಂಡನ ಮುಖವನ್ನು ಬಿಸಿಲಿಗೆ ತಿರುಗಿಸಿ ಹಿಡಿದಿದ್ದಳು. ಸೈಕಲ್ಲುಗಳು ಅವರನ್ನು ಬಳಸಿಕೊಂಡು ಹೋಗುತ್ತಿದ್ದವು. ಆತ ಉದ್ದವಾದದ್ದೇನನ್ನೋ, ಎಂಟು ತಿಂಗಳಿನಿಂದ ಕೂಡಿಟ್ಟದ್ದೇನನ್ನೋ, ಹೇಳುತ್ತಿದ್ದ.

ಒಳಗಿನಿಂದಲೇ ತಮ್ಮ, ಏನಂತಾರೆ ಎಂದು ಕೈಸನ್ನೆಯಲ್ಲಿ ಕೇಳಿದ.

ಅಕ್ಕ ಅವನತ್ತ ಒಂದು ಕ್ಷಣ ಕಣ್ಣು ದೊಡ್ಡದು ಮಾಡಿ ನೋಡಿದಳು. ಆಮೇಲೆ ಬೀದಿಗೆ ಬೆನ್ನು ಹಾಕಿ, ಕಿಟಕಿಯ ಪರದೆ ಎಳೆದಳು.