ಒಪ್ಪಿಗೆ ತಾನೆ?

ಬೋರ್ಡಿನ ಮೇಲೆ ಬರೆಯುವ ಮಾರ್ಕರ್‌ನ ವಾಸನೆ ನನಗೆ ಆಗುವುದಿಲ್ಲ. ಸ್ಪಿರಿಟ್ಟಿನಂಥ ಆ ಘಾಟು ಮೂಗಿಗೆ ಹೊಡೆದರೆ ತಲೆ ಹಿಡಿದುಕೊಳ್ಳುತ್ತದೆ. ಹೋದ ವಾರ ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಆಫೀಸಿನಲ್ಲಿ ಹೊಸದಾಗಿ ಸೇರಿದವನೊಬ್ಬ, ತನ್ನ ಪ್ರೋಗ್ರಾಂ ಬೇಡದವರನ್ನೂ ಯಾಕೆ ಒಳಗೆ ಬಿಡುತ್ತಿದೆ ಎಂದು ತಿಳಿಯದೆ ಅದನ್ನು ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದ. ಅವನು ಬರೆದ ಸಾಲಿನಲ್ಲಿ ಎರಡು ಸಮ ಚಿಹ್ನೆ ಇರಬೇಕಾದ ಕಡೆ ಒಂದೇ ಇತ್ತು. ತಪ್ಪು ಹುಡುಕುವುದೇ ನನ್ನ ಕೆಲಸ, ಸಂಬಳ ಕೊಡುವುದೂ ಅದಕ್ಕೇ. ಆ ಸಾಲಿನ ಮೇಲೆ ಬೆರಳಿಡಲು ಎದ್ದೆ. ಎಸಿ ಹಾಕಿದ ಆ ಕೋಣೆಯಲ್ಲಿ ಮಾರ್ಕರ್‌ನ ಘಾಟಿನ ಹಿಂದೆಯೇ ಸಣ್ಣಗೆ ದನದ ಗಂಜಲದ ವಾಸನೆಯೂ ಬಂದ ಹಾಗಾಯಿತು...

ನನಗೆ ಕಂಪ್ಯೂಟರ್ ಕಲಿಸಿದ ಮೇಡಂ ಪಾಠ ಮಾಡುತ್ತಿದ್ದದ್ದು ಕೊಟ್ಟಿಗೆಯಲ್ಲಿ. ಇದನ್ನು ಹೇಳಿದರೆ ಕೇಳಿದವರು ಏನೋ ಅಲಂಕಾರಕ್ಕೆ ಹೇಳುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಅಲ್ಲ, ನಿಜವಾದ ಕೊಟ್ಟಿಗೆ. ಅವರ ಗಂಡನ ಮನೆಯವರು ಸಿಂಗಸಂದ್ರದಲ್ಲಿ ಮೊದಲಿನಿಂದ ಇದ್ದ ಒಕ್ಕಲು ಮನೆತನ. ಮನೆಯ ಮಗ್ಗುಲಲ್ಲಿ ಬಾಡಿಗೆ ಕಟ್ಟಡ ಎದ್ದು, ದನಗಳು ಹೋದ ಮೇಲೆ, ಆ ಉದ್ದನೆಯ ಕೋಣೆಗೆ ನೆಲ ಹಾಕಿಸಿ ಸುಣ್ಣ ಬಳಿಸಿ ಬೋರ್ಡು ತೂಗುಹಾಕಿದ್ದರು. ಮಳೆ ಬಂದ ದಿನ ಮಾತ್ರ ಗೋಡೆಗೆ ಹಳೆಯದೆಲ್ಲ ನೆನಪಾಗುತ್ತಿತ್ತು. ಮೇಡಂ ಅವರ ಮಾವ, ನಾವೆಲ್ಲ ತಾತ ಎನ್ನುತ್ತಿದ್ದವರು, ಗೇಟಿನ ಬಳಿ ಕೂತು ಹೊಸಬರಿಗೆ ದಾರಿ ತೋರಿಸುತ್ತಿದ್ದರು: "ಕಂಪ್ಯೂಟ್ರು ಕ್ಲಾಸಾ? ಕೊಟ್ಗೇಲಿ ನಡೀತೈತೆ, ಓಗ್ರವ್ವಾ."

ಮೇಡಂ ಮೊದಲು ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿದ್ದರಂತೆ. ಮಗು ಆದ ಮೇಲೆ ಬಿಟ್ಟರಂತೆ. ಬಿಟ್ಟಿರೋ ಬಿಡಿಸಿದರೋ ಎಂದು ಮೊದಲ ವಾರವೇ ಕೇಳಿದ್ದೆ. ಕೇಳಬಾರದ್ದನ್ನು ಕೇಳುವುದು ಆಗ ನನ್ನ ಮಟ್ಟಿಗೆ ಒಂದು ಸಿದ್ಧಾಂತವಾಗಿತ್ತು. ಅವರು ಸಿಟ್ಟಾಗಲಿಲ್ಲ. ಬೋರ್ಡಿನ ಮೇಲೆ ಅಂಗೈ ಇಟ್ಟು, "ಹೋಗ್ಲಿ ಬಿಡೆ. ಈ ಮನೇಲಿ ಇದೊಂದು ನಂದು, ನೋಡು" ಎಂದರು. ಇನ್ನೊಂದು ಆಸೆಯೂ ಅವರಿಗಿತ್ತು. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹುಡುಗಿಯರಿಗೆ ಭಾನುವಾರ ಬೇರೆಯದೇ ಒಂದು ಬ್ಯಾಚು, ಪೂರಾ ಕನ್ನಡದಲ್ಲಿ. ನಾನು ಅದೇ ಬೊಮ್ಮನಹಳ್ಳಿಯವಳು ಎಂದು ಗೊತ್ತಾದ ಮೇಲೆ ವಾರಕ್ಕೊಮ್ಮೆಯಾದರೂ ಆ ಮಾತು ಎತ್ತುತ್ತಿದ್ದರು. ಹುಡುಗಿಯರು ಬರುತ್ತಾರಾ, ಯಾವ ಹೊತ್ತು ಅನುಕೂಲ, ಮನೆಯಲ್ಲಿ ಕಳಿಸುತ್ತಾರಾ... ಕೆಲವರು ಬಂದು ಜಾಗ ನೋಡಿಕೊಂಡೂ ಹೋಗಿದ್ದರು.

ನಾನು ಬಿಎ ಮುಗಿಸಿದವಳು. ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ಪರವೋ ವಿರೋಧವೋ, ಚೀಟಿಯಲ್ಲಿ ಬಂದ ಕಡೆಗೆ ನಿಂತು ಎದುರಾಳಿಯನ್ನು ಕೂರಿಸುವುದು ಕಲಿತಿದ್ದೆ. ಜಾವಾ ಕಲಿತರೆ ಕೆಲಸ ಸಿಗುತ್ತದೆ ಎಂದು ಯಾರೋ ಹೇಳಿದ್ದನ್ನು ಪೂರ್ತಿ ನಂಬದೆಯೇ ಆ ಕ್ಲಾಸಿಗೆ ಸೇರಿದ್ದೆ. ಮೊದಲ ಜಗಳ ಎಕ್ಸ್ = ಎಕ್ಸ್ + 1 ಎಂಬ ಸಾಲಿನ ಮೇಲೆಯೇ ಆಯಿತು. ಒಂದು ವಸ್ತು ತನಗಿಂತ ತಾನೇ ಒಂದು ಹೆಚ್ಚಿರಲು ಹೇಗೆ ಸಾಧ್ಯ, ಇದು ಶುದ್ಧ ಸುಳ್ಳು ಎಂದು ಎದ್ದು ನಿಂತೆ. ಮೇಡಂ ನನ್ನ ವಾದ ಪೂರ್ತಿ ಕೇಳಿಸಿಕೊಂಡು, ಅದನ್ನು ಸಮ ಎಂದು ಓದಬೇಡ, 'ಒಳಗೆ ಹಾಕು' ಎಂದು ಓದು ಎಂದರು. ಬಲಗಡೆ ಇರುವುದನ್ನು ಲೆಕ್ಕ ಹಾಕಿ ಎಡಗಡೆಯವನ ಮನೆಯೊಳಗೆ ಹಾಕು, ಅಷ್ಟೇ.

ಅಲ್ಲಿಂದ ಮುಂದೆ ಎಲ್ಲ ಪಾಠವೂ ಬಾಡಿಗೆ ಮನೆಯ ಮೇಲೆಯೇ ನಡೆಯಿತು. ವೇರಿಯಬಲ್ ಅಂದರೆ ಬಾಡಿಗೆ ರೂಮು. ಬಾಗಿಲ ಮೇಲಿನ ಹೆಸರು ಹಾಗೇ ಇರುತ್ತದೆ, ಒಳಗಿರುವವರು ಬದಲಾಗುತ್ತಾರೆ. ಗೇಟಿಗೆ 'ಫ್ಯಾಮಿಲಿಗೆ ಮಾತ್ರ' ಎಂದು ಬೋರ್ಡು ಹಾಕುತ್ತಾರಲ್ಲ, ಅದು ಟೈಪು. ಪೂರ್ಣಸಂಖ್ಯೆಗೆ ಎಂದು ಇಟ್ಟ ರೂಮಿಗೆ ಯಾರದೋ ಹೆಸರನ್ನು ತಂದು ಹಾಕಿದರೆ ಬರೆದದ್ದನ್ನು ಓಡಿಸುವ ಮೊದಲು ಪರೀಕ್ಷಿಸುವ ಕಂಪೈಲರ್ ಗೇಟಿನಲ್ಲೇ ತಡೆಯುತ್ತದೆ, ಥೇಟ್ ನಮ್ಮ ಮಾವನ ಹಾಗೆ ಎನ್ನುತ್ತಿದ್ದರು. ಒಂದೇ ರೂಮಿನಲ್ಲಿ ಐದು ಜನ ಇರುವುದನ್ನು ಸಿಂಗಸಂದ್ರದಲ್ಲೇ ತೋರಿಸುತ್ತೇನೆ, ನಿಮ್ಮ ಹೋಲಿಕೆ ನಿಲ್ಲುವುದಿಲ್ಲ ಎಂದೆ. ಸರಿ, ಸಿಂಗಲ್ ರೂಮು ಅಂದ್ಕೊ ಎಂದರು. ಹೊಸಬರು ಬಂದಾಗ ಹಳಬರಿಗೆ ನೋಟಿಸ್ ಕೊಡಲ್ವಾ ಎಂದು ಮತ್ತೆ ಕೆಣಕಿದೆ.

"ಜಾವಾದಲ್ಲಿ ನೋಟಿಸ್ ಇಲ್ಲ ಕಣೆ. ಹೊಸಬರು ಬಂದ್ರು ಅಂದ್ರೆ, ಹಳಬರು ಅಲ್ಲಿ ಇರ್ಲೇ ಇಲ್ಲ ಅನ್ನೋ ಹಾಗೆ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಇಫ್–ಎಲ್ಸ್ ಶುರುವಾದ ದಿನ ಒಂದು ಗೇಟಿನ ಪ್ರೋಗ್ರಾಂ ಬರೆಯಲು ಕೊಟ್ಟರು. 'ಒಪ್ಪಿಗೆ' ಎಂಬುದೊಂದು ಬೂಲಿಯನ್. ಅದರೊಳಗೆ ಹೌದು ಇರಬೇಕು ಇಲ್ಲವೇ ಅಲ್ಲ ಇರಬೇಕು, ಮೂರನೆಯದಕ್ಕೆ ಜಾಗವಿಲ್ಲ. ಒಪ್ಪಿಗೆ ಇದ್ದರೆ 'ಒಳಗೆ ಬನ್ನಿ' ಎಂದು ತೋರಿಸಬೇಕು, ಎಲ್ಸ್, ಅಂದರೆ ಇಲ್ಲದಿದ್ದರೆ, 'ಇವತ್ತು ಬೇಡ'. ಎಲ್ಲರಿಗಿಂತ ಮೊದಲು ಬರೆದು ಮುಗಿಸಿದವಳು ನಾನು. ಒಪ್ಪಿಗೆಯೊಳಗೆ ಮೊದಲಿಗೆ 'ಅಲ್ಲ' ಎಂದೇ ಇಟ್ಟಿದ್ದೆ. ಆದರೂ ಓಡಿಸಿದರೆ 'ಒಳಗೆ ಬನ್ನಿ' ಎಂದು ಬಂತು. ಮತ್ತೆ ಓಡಿಸಿದೆ, ಮತ್ತೆ ಒಳಗೆ ಬನ್ನಿ. ಇಫ್ ಪಕ್ಕದಲ್ಲಿ 'ಒಪ್ಪಿಗೆ = ಹೌದು' ಎಂದು ಒಂದೇ ಸಮ ಚಿಹ್ನೆ ಹಾಕಿದ್ದೆ ಎಂಬುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮೇಡಂ ಬೆರಳಿಟ್ಟು ತೋರಿಸಿದರೂ ಒಪ್ಪಲಿಲ್ಲ. ತಪ್ಪಿದ್ದರೆ ಕಂಪೈಲರ್ ಗೇಟಿನಲ್ಲೇ ತಡೆಯಬೇಕಿತ್ತಲ್ಲ, ಬಿಟ್ಟಿದೆ ಎಂದ ಮೇಲೆ ನನ್ನದು ಸರಿ ಎಂದು ವಾದಕ್ಕೆ ನಿಂತೆ. ಅಲ್ಲಿ ಸಂಖ್ಯೆ ಇದ್ದಿದ್ದರೆ ತಡೆಯುತ್ತಿತ್ತು ಎಂದರು. ಹೌದು–ಅಲ್ಲದ ವಿಷಯವಾದ್ದರಿಂದ ಅದಕ್ಕೆ ಅನುಮಾನವೇ ಬರುವುದಿಲ್ಲ.

"ನೀನು ಕೇಳಿಲ್ಲ ಕಣೆ. ಕೇಳೋ ಜಾಗದಲ್ಲಿ ನಿಂತ್ಕೊಂಡು, ನೀನೇ ಹೌದು ಅಂತ ಒಳಗೆ ಹಾಕ್ಬಿಟ್ಟಿದೀಯ. ಆಮೇಲೆ ಅವ್ರು ಒಪ್ಕೊಂಡ್ರು ಅಂತ ಗೇಟ್ ತೆಗೀತಿದೀಯ."

"ಎಲ್ಸ್ ಬರ್ದಿದೀನಲ್ಲ ಮೇಡಂ."

"ಬರ್ದಿದೀಯ. ಅಲ್ಲಿಗೆ ಯಾರೂ ಯಾವತ್ತೂ ಹೋಗಲ್ಲ."

ಕೇಳಬೇಕಾದರೆ ಎರಡು ಸಮ ಚಿಹ್ನೆ ಎಂದು ಬೋರ್ಡಿನ ಮೂಲೆಯಲ್ಲಿ ದೊಡ್ಡದಾಗಿ == ಬರೆದರು. ಕೈಗೆ ಸಿಕ್ಕಿದ್ದು ಅಳಿಸಲಾಗದ ಮಾರ್ಕರು. ಹೆಬ್ಬೆರಳಿನಿಂದ ಉಜ್ಜಿದರು, ಸೆರಗಿನಿಂದ ಉಜ್ಜಿದರು, ಹೋಗಲಿಲ್ಲ. ಇರಲಿ, ಇವಳ ವಾದದ ನೆನಪಿಗೆ ಎಂದು ನಕ್ಕರು. ಆಮೇಲೆ, ನಾವು ಮಾತಾಡುವಾಗಲೂ ಇದನ್ನೇ ಮಾಡುತ್ತೇವೆ ನೋಡಿ ಎಂದು ಶುರು ಮಾಡಿದರು. 'ಬರ್ತೀಯಾ' ಎಂದರೆ ಡಬಲ್ ಈಕ್ವಲ್, ಅದು ಪ್ರಶ್ನೆ. 'ಬರ್ತೀಯ ತಾನೆ' ಎಂದರೆ ಸಿಂಗಲ್. ಉತ್ತರ ಆಗಲೇ ಒಳಗೆ ಹಾಕಿ ಆಯಿತು. ಅವತ್ತಿನಿಂದ ಅದೇ ಕ್ಲಾಸಿನ ತಮಾಷೆಯಾಯಿತು. ಯಾರಾದರೂ "ಟೀ ಕುಡೀತೀರ ತಾನೆ?" ಎಂದರೆ ಸಾಕು, ಎಲ್ಲರೂ ಒಟ್ಟಿಗೆ "ಸಿಂಗಲ್" ಎಂದು ಕೂಗುತ್ತಿದ್ದೆವು. ಮೇಡಂ ದನಿ ಎಲ್ಲರಿಗಿಂತ ಜೋರಾಗಿರುತ್ತಿತ್ತು.

ಆ ತಿಂಗಳ ಕೊನೆಗೇ ಇರಬೇಕು... ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್‌ಗಳ ಪಾಠ ಶುರುವಾಗುವುದಿತ್ತು. ತಾತ ಕ್ಲಾಸಿನ ನಡುವೆ ಒಳಗೆ ಬಂದರು. ಚಪ್ಪಲಿ ಹೊಸಿಲಾಚೆ ಬಿಟ್ಟರು. ದನ ಇದ್ದ ಜಾಗ ಎಂದು ಅವರು ಯಾವತ್ತೂ ಮೆಟ್ಟಿಕೊಂಡು ಬಂದವರಲ್ಲ. ಗದರುವ ಮನುಷ್ಯನೂ ಅಲ್ಲ. ಮೇಲಿನ ಮಹಡಿಗಳನ್ನು ಪೀಜಿಗೆ, ಅಂದರೆ ಊಟ ಸಮೇತದ ಬಾಡಿಗೆ ಹಾಸ್ಟೆಲಿಗೆ, ಕೊಡುವ ಮಾತು ನಡೆದಿತ್ತು ಎಂದು ನಮಗೂ ಗೊತ್ತಿತ್ತು. ಅವರು ಸೊಸೆಯ ಕಡೆ ತಿರುಗಿ ಮೆತ್ತಗೆ ಹೇಳಿದರು: "ಪೀಜಿಯೋರು ಅಡ್ಗೆಮನೆಗೆ ಜಾಗ ಕೇಳ್ತಾವ್ರೆ ಕಣವ್ವಾ. ಬರೋ ತಿಂಗ್ಳಿಂದ ಈ ಕೊಟ್ಗೆ ಬುಟ್ಕೊಟ್ಬುಡಾನಾ ಅಂತ. ನಿಂಗೊಪ್ಗೆ ತಾನೆ?"

ಯಾರೂ ಸಿಂಗಲ್ ಎಂದು ಕೂಗಲಿಲ್ಲ. ನಮ್ಮೆಲ್ಲರ ಕಣ್ಣೂ ಬೋರ್ಡಿನ ಮೂಲೆಗೆ ಹೋಗಿ ಬಂತು. ಮೇಡಂ ಕೈಯಲ್ಲಿ ಮುಚ್ಚಳ ತೆಗೆದ ಮಾರ್ಕರ್ ಇತ್ತು. ಅದರ ಘಾಟು ಕೋಣೆಯ ತುಂಬ ಇತ್ತು.

"ಹ್ಞೂಂ ಮಾವ," ಎಂದರು.

ತಾತ ಸಂತೋಷದಿಂದಲೇ ತಲೆಯಾಡಿಸಿ ಹೊರಟರು. ಮೇಡಂ ಬೋರ್ಡಿನ ಕಡೆ ತಿರುಗಿ, ಇಷ್ಟು ಅಂಕ ಬಂದರೆ ಪ್ರಥಮ ದರ್ಜೆ, ಅದಲ್ಲದೆ ಇಷ್ಟು ಬಂದರೆ ದ್ವಿತೀಯ ಎಂಬ ಇಫ್–ಎಲ್ಸ್ ಸಾಲುಗಳನ್ನು ಒಂದರ ಕೆಳಗೊಂದು ಬರೆಯುತ್ತ ಹೋದರು. ಸಾಲುಗಳು ಕೆಳಗೆ ಕೆಳಗೆ ಜಾರುತ್ತಿದ್ದವು. ಬರೆದು ಮುಗಿಯುವವರೆಗೆ ನಮ್ಮ ಕಡೆ ತಿರುಗಲಿಲ್ಲ.

ಕ್ಲಾಸು ಬಿಟ್ಟ ಕೂಡಲೇ ನಾನು ತಾತನ ಹತ್ತಿರ ಹೋದೆ. ಗೇಟಿನ ಬಳಿ ತಮ್ಮ ಜಾಗದಲ್ಲಿ ಕೂತಿದ್ದರು. ಮೇಡಂ ಅವರನ್ನು ಕೇಳಬೇಕಿತ್ತು ತಾತ ಎಂದೆ.

"ಕೇಳ್ದ್ನಲ್ಲವ್ವಾ. ನಿಮ್ಮೆಲ್ರು ಮುಂದೇನೇ ಕೇಳ್ದೆ. ಊಂ ಅಂದ್ಳು."

ಅದು ಕೇಳಿದ ಹಾಗಲ್ಲ ಎಂದು ವಾದ ಹೂಡಿದೆ. ಬೊಮ್ಮನಹಳ್ಳಿಯ ಬ್ಯಾಚಿನ ವಿಷಯ ಹೇಳಿದೆ. ಕೊಟ್ಟಿಗೆ ಬಿಟ್ಟು ಬೇರೆ ಎಲ್ಲೆಲ್ಲಿ ಅಡುಗೆಮನೆ ಮಾಡಬಹುದು ಎಂದು ತೋರಿಸಿದೆ. 'ತಾನೆ' ಎಂದು ಕೇಳಿದರೆ ಎದುರಿನವರು ಇಲ್ಲ ಅನ್ನುವುದು ಹೇಗೆ ಎಂದೂ ಕೇಳಿದೆ. ಸ್ಪರ್ಧೆಯಾಗಿದ್ದರೆ ಆ ಹೊತ್ತಿಗೆ ಗಂಟೆ ಹೊಡೆದು ನನಗೆ ಬಹುಮಾನ ಕೊಟ್ಟಿರುತ್ತಿದ್ದರು. ತಾತ ನಡುವೆ ಬಾಯಿ ಹಾಕದೆ ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಗೆ, ಕುಹಕವಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದರು: "ಇನ್ನೆಂಗ್ ಕೇಳ್ತಾರವ್ವಾ?"

ನನ್ನ ಹತ್ತಿರ ಉತ್ತರವಿತ್ತು, ಹೇಳಲು ಹೊರಟಿದ್ದೆ. ಅಷ್ಟರಲ್ಲಿ ಅವರೇ, ಒಂದು ಕಾಲಕ್ಕೆ ತಮ್ಮ ಹೊಲವಿದ್ದ ಜಾಗದಲ್ಲಿ ಎದ್ದ ಎದುರಿನ ಕಟ್ಟಡಗಳ ಕಡೆ ಕೈ ತೋರಿಸಿದರು. "ಈ ಒಲ ಕೊಡೋವಾಗ ನಂಗೂ ಇಂಗೇ ಕೇಳುದ್ರು. ಒಪ್ಗೆ ತಾನೆ ಯಜಮಾನ್ರೆ, ಅಂತ. ನಾನೂ ಊಂ ಅಂದೆ."

ಎದುರಾಳಿ ಎಂದು ನಾನು ಅಂದುಕೊಂಡಿದ್ದ ಮನುಷ್ಯ ನನ್ನ ಪಕ್ಷದಲ್ಲೇ ನಿಂತಿದ್ದರು, ಅದೂ ನನಗಿಂತ ಎಷ್ಟೋ ಮೊದಲಿನಿಂದ.

ವಾಪಸು ಕೊಟ್ಟಿಗೆಗೆ ಹೋದಾಗ ಮೇಡಂ ಬೋರ್ಡು ಒರೆಸುತ್ತಿದ್ದರು. ಇಲ್ಲ ಅನ್ನಬಹುದಿತ್ತಲ್ಲ ಮೇಡಂ, ಎಲ್ಸ್ ಇತ್ತಲ್ಲ ಎಂದೆ. ಅವರು ಒರೆಸುವುದನ್ನು ನಿಲ್ಲಿಸಲಿಲ್ಲ.

"ಎಲ್ಸ್ ಇತ್ತು ಕಣೆ... ಅಲ್ಲಿಗೆ ಯಾರೂ ಹೋಗಲ್ಲ, ಅಷ್ಟೆ."

ಲೂಪ್‌ಗಳ ಪಾಠ ಬೇರೆ ಎಲ್ಲಾದರೂ ಜಾಗ ನೋಡಿ ಮುಗಿಸೋಣ, ಫೋನ್ ಮಾಡುತ್ತೇನೆ ಎಂದರು. ಮಾಡಲಿಲ್ಲ. ನಾನು ಮಾಡಿದಾಗ ಆ ನಂಬರು ಬಳಕೆಯಲ್ಲಿರಲಿಲ್ಲ. ಲೂಪ್‌ಗಳನ್ನು ಮೊಬೈಲಿನ ವೀಡಿಯೋ ನೋಡಿ ಕಲಿತೆ. ಅದರಲ್ಲಿ ಪಾಠ ಮಾಡುವವನ ಜೊತೆ ಜಗಳ ಆಡಲು ಬರುವುದಿಲ್ಲ. ಕಲಿಯುವುದು ಬೇಗ ಮುಗಿಯಿತು, ಕೆಲಸವೂ ಸಿಕ್ಕಿತು. ಆದರೆ ಈಗಲೂ ನನ್ನ ಜಾವಾ ಇಫ್–ಎಲ್ಸ್‌ವರೆಗೆ ಕನ್ನಡದಲ್ಲಿದೆ, ಅಲ್ಲಿಂದಾಚೆಗೆ ಯಾರದೋ ಭಾಷೆಯಲ್ಲಿದೆ.

ಆಫೀಸಿನ ಹೊಸ ಹುಡುಗನ ಆ ಸಾಲು ಕಂಡ ವಾರವೇ ಸಿಂಗಸಂದ್ರಕ್ಕೆ ಹೋದೆ. ತಾತ ಅದೇ ಗೇಟಿನ ಬಳಿ, ಈಗ ಪ್ಲಾಸ್ಟಿಕ್ ಕುರ್ಚಿಯಲ್ಲಿ. ನನ್ನ ಗುರುತು ಹತ್ತಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. "ವಾದ ಮಾಡ್ತಿದ್ದ ಮಗಾ ಅಲ್ವಾ ನೀನು? ಓಗು, ಕೊಟ್ಗೇಲಿ ಊಟ ಐತೆ, ಮಾಡೋಗು" ಎಂದರು. ಒಳಗೆ ಹೋದೆ. ದೊಡ್ಡ ಪಾತ್ರೆಗಳು, ಗ್ಯಾಸಿನ ಒಲೆ, ಒಗ್ಗರಣೆಯ ಹೊಗೆ. ದನ ಹೋಗಿ ಕ್ಲಾಸು ಬಂತು, ಕ್ಲಾಸು ಹೋಗಿ ಅಡುಗೆಮನೆ ಬಂತು; ಬಾಗಿಲ ಹೆಸರು ಮಾತ್ರ ಕೊಟ್ಟಿಗೆ. ಹಳಬರು ಅಲ್ಲಿ ಇರಲೇ ಇಲ್ಲ ಅನ್ನುವ ಹಾಗೆ. ಬೋರ್ಡು ಗೋಡೆಯ ಮೇಲೇ ಇತ್ತು. ಅದರಲ್ಲಿ ಬೆಳಿಗ್ಗೆ ಚಿತ್ರಾನ್ನ, ರಾತ್ರಿ ಚಪಾತಿ ಎಂದು ಬರೆದಿತ್ತು, ಮೂಲೆಯಲ್ಲಿ ==. ನಾನು ನೋಡುತ್ತ ನಿಂತಿದ್ದು ಕಂಡು ಅಡುಗೆಯವನು, ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ ಅಕ್ಕ, ಅದಕ್ಕೇ ಸುತ್ತ ಬಿಟ್ಟು ಬರೆಯುತ್ತೇವೆ ಎಂದ.

ಗೇಟಿನ ಬಳಿಗೆ ವಾಪಸು ಬಂದೆ. ಮಗ ಊರಿನ ಆ ತುದಿಯಲ್ಲಿ, ಮಾಕಳಿಯ ಕಡೆ ಗೋಡೌನು ಮಾಡಿದ್ದಾನೆ, ಸಂಸಾರವೆಲ್ಲ ಅಲ್ಲೇ, ವಾರ ವಾರ ಬಂದು ಹೋಗುತ್ತಾರೆ ಎಂದು ತಾತ ಹೇಳಿದರು. ಸೊಸೆ ಲಾರಿಗಳ ಲೋಡು ನೋಡಿಕೊಳ್ಳುತ್ತಾಳಂತೆ. ಪಾಠ ಮಾಡುತ್ತಾರಾ ಎಂದು ಕೇಳಿದೆ. ಅವರು ಇಲ್ಲವೆಂದು ತಲೆಯಾಡಿಸಿ, ತಾವೇ ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು.

ಏನೇನೋ ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಆ ದನಿ "ಹಲೋ" ಎಂದದ್ದೇ ತಡ, ಹೆಸರು ಹೇಳಿಕೊಂಡು, ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ: "ಚೆನ್ನಾಗಿದೀರಿ ತಾನೆ ಮೇಡಂ?"

"ಸಿಂಗಲ್," ಎಂದರು. ನಗುತ್ತಿದ್ದರು.

ನಾನೂ ನಕ್ಕೆ. ನಕ್ಕು, ಈ ಸಲ ಸರಿಯಾಗಿ ಕೇಳಿದೆ. "ಮೇಡಂ, ಚೆನ್ನಾಗಿದೀರಾ?"

ನಗು ನಿಂತಿತು. ಅವರು ಉಸಿರೆಳೆದುಕೊಂಡದ್ದು ಕೇಳಿಸಿತು, ಹಿಂದೆ ಎಲ್ಲೋ ಲಾರಿಯ ಹಾರ್ನು ಕೇಳಿಸಿತು... "ಲೋಡ್ ಬಂತು ಕಣೆ. ಆಮೇಲ್ ಮಾಡ್ತೀನಿ."

ಫೋನು ವಾಪಸು ಕೊಟ್ಟೆ. ತಾತ ಅದನ್ನು ಜೇಬಿಗೆ ಹಾಕಿಕೊಳ್ಳುತ್ತ, ಮುಖ ಎತ್ತಿ ನನ್ನನ್ನು ನೋಡಿದರು. "ಏನಂದ್ಳು? ಚೆನ್ನಾಗವ್ಳೆ ತಾನೆ?"

"ಹ್ಞೂಂ ತಾತ," ಎಂದೆ.