ಉಪ್ಪಿನ ನಡುಗಡ್ಡೆಯಲ್ಲಿ ಗುಂಡಮ್ಮ

ಕೃಷ್ಣೆಯ ದಂಡೆಯ ಅಂಬಿಗರಲ್ಲಿ ಬೂದೆಪ್ಪನೆಂದರೆ ಸುತ್ತ ಹತ್ತೂರಿಗೆ ಗೊತ್ತು. ಹೊಳೆ ದಂಡೆ ಮೀರಿದ ದಿನ ಹೆರಿಗೆ ನೋವಿನ ಹೆಂಗಸನ್ನು ಹರಿಗೋಲಿನಲ್ಲಿ ದಾಟಿಸಿ, ಅವರು ಕೊಟ್ಟ ಜೋಳದ ಚೀಲ ಮುಟ್ಟದೆ ಬಂದವನು. ಅವನ ಮಗ ಯಂಕಪ್ಪ, ಮುಳುಗುತ್ತಿದ್ದ ಎತ್ತಿನ ಕೊರಳ ಹಗ್ಗವನ್ನು ನೀರೊಳಗೇ ಬಿಚ್ಚಿ ಬದುಕಿಸಿದ ಗಂಡಸು. ಯಂಕಪ್ಪನ ಮಗಳೇ ಗುಂಡಮ್ಮ. ಗಂಡ ತೀರಿದ ಮೇಲೆ ಹೈದರಾಬಾದಿನ ಮಿಯಾಪುರದಲ್ಲಿ ಮನೆಮನೆಗೆ ಜೋಳದ ರೊಟ್ಟಿ ಬಡಿದು ಕೊಟ್ಟು ಮಗನನ್ನು ಓದಿಸಿದ ಗಟ್ಟಿಗಿತ್ತಿ.

ಅರವತ್ತೆರಡು ತುಂಬಿದರೂ ಸಮುದ್ರ ಕಂಡವಳಲ್ಲ. ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಮಗ ಮಹೇಶಕುಮಾರ, ಐದು ತಿಂಗಳ ಬಸುರಿ ಸೊಸೆ ಪಿಂಕಿಯ ಜೊತೆ ಕಾರಿನಲ್ಲಿ ಆಂಧ್ರದ ಕಡಲತೀರಕ್ಕೆ ಹೊರಟಳು. ಅವರು ಹೋಗಬೇಕಿದ್ದದ್ದು ಕಡಲಿಗೂ ಹಿನ್ನೀರಿಗೂ ನಡುವೆ ಉದ್ದಕ್ಕೆ ಮಲಗಿದ ಒಂದು ಮರಳಿನ ನಡುಗಡ್ಡೆಗೆ. ದೋಣಿ ಬಿಟ್ಟರೆ ದಾರಿಯಿಲ್ಲ, ಮನೆಯಿಲ್ಲ, ಫೋನೂ ಹತ್ತುವುದಿಲ್ಲ.

ಬಸುರಿಯ ಕೈಯಿಂದ ಗಂಗವ್ವನಿಗೆ ಉಡಿ ತುಂಬಿಸುವುದು ಅವರ ಮನೆತನದ ಪದ್ಧತಿ. ಆ ದಿನ ನೀರಿನ ತಾಯಿಯ ಹತ್ತಿರ ನೀರು ಒಯ್ದರೆ ಆಕೆಗೆ ಅವಮಾನ. ಅದಕ್ಕೇ ಬಾಟಲಿಗಳ ಚೀಲವನ್ನು ಗುಂಡಮ್ಮ ಯಾರಿಗೂ ಹೇಳದೆ ಕಾರಿನ ಸೀಟಿನ ಕೆಳಗೆ ತಳ್ಳಿ ಬಂದಿದ್ದಳು. ಸಮುದ್ರ ಉಪ್ಪೆಂದು ಕೇಳಿದ್ದಳು, ನಿಜ. ಆದರೆ ಬೋರಿನ ಸವಳು ನೀರು ಕುಡಿದೇ ಮೂವತ್ತು ವರ್ಷ ಕಳೆದವಳಿಗೆ ಅದೇನು ಮಹಾ ಎನಿಸಿತ್ತು.

ಹನ್ನೊಂದಕ್ಕೆ ಇಳಿಸಿದ ದೋಣಿಯವನು ನಾಲ್ಕಕ್ಕೆ ಬರುತ್ತೇನೆಂದು ಹೋದ. ಉಡಿ ತುಂಬಿದ್ದಾಯಿತು. ಗುಂಡಮ್ಮ ತಂಬಿಗೆ ಅದ್ದಿ ಬಾಯಿತುಂಬ ತೀರ್ಥ ತೆಗೆದುಕೊಂಡಳು. ಗಂಟಲಿಗೆ ಕೊಳ್ಳಿ ಇಟ್ಟಂತಾಯಿತು.

"ಮಹೇಶ್ಯಾ, ಇದು ನೀರಲ್ಲೋ! ಯಾರರೆ ವಿಷ ಕಲಸ್ಯಾರ!"

ಪಿಂಕಿ ಬಿದ್ದು ಬಿದ್ದು ನಕ್ಕಳು. "ಅತ್ತಿ, ಮಾವಿನಕಾಯಿ ತಂದಿದ್ರ ಇಲ್ಲೇ ಉಪ್ಪಿನಕಾಯಿ ಹಾಕಬಹುದಿತ್ತು ನೋಡ್ರಿ. ಬಾಟ್ಲಿ ಕೊಡ್ರಿ, ನನಗೂ ನೀರಡಿಕಿ ಆಗೇತಿ."

"ಬಾಟ್ಲಿ ಕಾರಿನ್ಯಾಗ ಅದಾವು."

"ಮರತ್ರೇನು?"

"ಮರತಿಲ್ಲವ್ವಾ. ಬೇಕಂತ ನಾನ ಇಟ್ಟು ಬಂದೆ."

ಮಹೇಶ ತಲೆಯ ಮೇಲೆ ಕೈ ಹೊತ್ತ. "ಇನ್ನೂ ನಾಕು ತಾಸು ಐತಿ ಯವ್ವಾ! ಬಸುರಿ ಅದಾಳ ಆಕಿ!"

ಮತ್ತೊಂದು ತಾಸಿನಲ್ಲಿ ಪಿಂಕಿಯ ತುಟಿ ಒಣಗಿ, ತಲೆ ಸುತ್ತಿ, ನಗು ಎಲ್ಲೋ ಹೋಯಿತು. ಗುಂಡಮ್ಮ ಸಮುದ್ರದ ಕಡೆ ತಿರುಗಿ ನೋಡಿದಳು. ಇಷ್ಟು ನೀರು ಇಟ್ಟುಕೊಂಡು ಬಸುರಿಗೆ ಒಂದು ಗುಟುಕು ಕೊಡದ ತಾಯಿ ಇರುತ್ತಾಳೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಮರಳ ದಿಬ್ಬದ ಆಚೆ ಒಂದಿಷ್ಟು ಹಸಿರು ಹುಲ್ಲು ಕಂಡಿತು. ಬೇಸಿಗೆಯ ಹೊಳೆಯಲ್ಲಿ ಒರತೆ ತೋಡುವಂತೆ ಅಲ್ಲಿ ಮಂಡಿಯೂರಿ ಎರಡೂ ಕೈಯಿಂದ ಮರಳು ಬಗೆದಳು. ಮೊಣಕೈ ಆಳಕ್ಕೆ ಹಸಿ. ತೋಳು ಮುಳುಗುವಷ್ಟು ತೋಡಿದಾಗ ನೀರು ಜಿನುಗಿತು. ಬೆರಳದ್ದಿ ನಾಲಿಗೆಗೆ ಹಚ್ಚಿ ಬೆಚ್ಚಿಬಿದ್ದಳು: ಕುಡಿಯುವ ನೀರು! ಮಳೆಗಾಲದಲ್ಲಿ ಇಂಗಿದ ಸಿಹಿನೀರು ಮರಳಿನಡಿ ಉಳಿದಿತ್ತು. ಸಮುದ್ರ ನೂರು ಮಾರು ದೂರದಲ್ಲೇ ಅಬ್ಬರಿಸುತ್ತಿತ್ತು.

ಮಹೇಶ ಓಡಿ ಬಂದು ಪಕ್ಕದಲ್ಲಿ ಕೂತ. "ಅತ್ತಾಗ ಸರಿ ಯವ್ವಾ, ನಾ ತೋಡ್ತೀನಿ. ಉಗರಾಗ ರಕ್ತ ಬರಾಕತ್ತೈತಿ."

"ಕೈ ತಗಿ! ಬಾಟ್ಲಿ ಬಿಟ್ಟು ಬಂದಾಕಿ ನಾನು, ಆಕಿಗಿ ನೀರು ಕುಡಸಾಕಿನೂ ನಾನ. ನೀ ಹೋಗಿ ಆಕಿಗಿ ನೆರಳ ಹಿಡಿ, ಹೋಗು."